ಟೈಮ್ ಟ್ರಾವೆಲ್ ಮಾಡೋ ಹಡಗಿನ ಕಥೆಗಳು: ಪದೇ ಪದೇ ಕೇಳೋ ಪ್ರಶ್ನೆಗಳು

ಹಾಯಿಹಡಗು ಹತ್ತಿ ಬೇರೆ ಕಾಲಕ್ಕೆ ಹೋಗೋ ಮಕ್ಕಳ ಸಾಹಸ ಕಾದಂಬರಿಗಳ ಬಗ್ಗೆ ಮಾತು ಬಂದಾಗೆಲ್ಲ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರ್ತವೆ. ಕೇಳಿದೋರು ಹೇಗೆ ಕೇಳಿದ್ರೋ ಹಾಗೇ ಹಾಕಿದೀನಿ. ಮೊದಲು ಓದೋ ಮಕ್ಕಳದ್ದು ಮತ್ತೆ ಅವರ ಅಪ್ಪ ಅಮ್ಮಂದು, ಆಮೇಲೆ ಕಥೆ ಒಳಗಿನ ತಕರಾರುಗಳು, ಕೊನೆಗೆ ತಾವೇ ಬರೆಯೋಕೆ ಹೊರಟೋರದ್ದು.

## ಓದೋಕೆ ಶುರು ಮಾಡೋರಿಗೆ

ಟೈಮ್ ಟ್ರಾವೆಲ್ ಕಥೆಗೆ ಹಡಗೇ ಯಾಕೆ ಬೇಕು? ಒಂದು ಮೆಷಿನ್ ಇದ್ರೆ ಸಾಲಲ್ವಾ?

ಸಾಲತ್ತೆ, ಆದ್ರೆ ಮೆಷಿನ್ ಕಥೇಲಿ ಭಯ ಆದ ತಕ್ಷಣ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ವಾಪಸ್ ಬಂದುಬಿಡಬಹುದು. ಹಡಗಲ್ಲಿ ಹಾಗಾಗಲ್ಲ, ಸುತ್ತ ನೀರು, ಇರೋ ನೂರು ಜನ ಅದೇ ನೂರು ಜನ, ಇಷ್ಟ ಇಲ್ದಿದ್ರೂ ಮುಂದಿನ ಬಂದರು ಬರೋವರೆಗೂ ಅವರ ಜೊತೆನೇ ಬದುಕ್ಬೇಕು. ಇನ್ನೊಂದು ಏನಂದ್ರೆ ಕಡಲಲ್ಲಿ ಟೈಮು ಮೊದಲಿಂದಾನೂ ಜಾಗಕ್ಕೆ ಅಂಟ್ಕೊಂಡೇ ಇದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗತ್ತೆ, ಹಾಗಾಗಿ ಹಡಗಲ್ಲಿ ಸೂರ್ಯ ನೆತ್ತಿಗೆ ಬಂದಾಗ ಹೊರಟ ಬಂದರಲ್ಲಿ ಗಂಟೆ ಎಷ್ಟು ಅಂತ ಗೊತ್ತಿದ್ರೆ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ದೂರ ಬಂದಿದೀವಿ ಅನ್ನೋ ಲೆಕ್ಕ ಸಿಕ್ತು. ಟೈಮ್ ತಪ್ಪಿದ್ರೆ ಜಾಗಾನೂ ತಪ್ತು. ಅಂಥಾ ಕಡೆ ಟೈಮೇ ಹಾರಿಹೋದ್ರೆ ಏನು ಗತಿ ಅನ್ನೋ ಪ್ರಶ್ನೆ ತಾನಾಗೇ ಹುಟ್ಟತ್ತೆ, ಬರೆಯೋರು ಎಲ್ಲಿಂದಾನೋ ಎಳ್ಕೊಂಡು ಬರಬೇಕಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಮೂರನೇ ಕಾರಣ. ಮುಂದಿನ ಕಾಲದಿಂದ ಹೋದ ಮಗೂಗೆ ಅಲ್ಲಿನ ದೊಡ್ಡೋರಿಗೆ ಗೊತ್ತಿಲ್ಲದ್ದು ಗೊತ್ತಿರತ್ತೆ, ಆದ್ರೆ ಹಡಗಲ್ಲಿ ಕ್ಯಾಪ್ಟನ್ ಆಡಿದ್ದೇ ಮಾತು, ಪುಟ್ಟ ಕೆಲಸದ ಹುಡುಗ ಹೇಳಿದ್ದನ್ನ ಯಾರೂ ಕಿವಿಗೆ ಹಾಕ್ಕೊಳಲ್ಲ. ಗೊತ್ತಿದ್ದೂ ಹೇಳೋಕಾಗದ, ಹೇಳಿದ್ರೂ ಯಾರೂ ನಂಬದ ಆ ಒದ್ದಾಟ ಹನ್ನೆರಡು ವರ್ಷದ ಓದುಗರಿಗೆ ಚೆನ್ನಾಗೇ ಗೊತ್ತು, ಮನೇಲೇ ದಿನಾ ನಡೀತಿರತ್ತಲ್ಲ.

ಎಷ್ಟು ವರ್ಷದ ಮಕ್ಕಳಿಗೆ ಕೊಡಬಹುದು?

ಪಕ್ಕದಲ್ಲಿ ಕೂತು ಓದಿ ಹೇಳೋದಾದ್ರೆ 8 ವರ್ಷದಿಂದ ಶುರು ಮಾಡಬಹುದು, ತಾವೇ ಓದ್ಕೊಳೋದಾದ್ರೆ 10, 11 ಸರಿಯಾದ ವಯಸ್ಸು ಅನ್ಸತ್ತೆ. ಇಂಥಾ ಪುಸ್ತಕದಲ್ಲಿ ಸಾವು ಇರತ್ತೆ, ಯಾಕಂದ್ರೆ ಹಳೇ ಹಡಗುಗಳಲ್ಲಿ ಜನ ನಿಜವಾಗ್ಲೂ ಸಾಯ್ತಿದ್ರು, ಅದನ್ನ ಮುಚ್ಚಿಟ್ಟ ಪುಸ್ತಕ ನನಗಂತೂ ಸಪ್ಪೆ. ಬೇಕಿದ್ರೆ ಮೊದಲು ನೀವೇ ಓದಿ ನೋಡಿ, ನಿಮ್ಮ ಮಗು ನಿಮಗೇ ಚೆನ್ನಾಗಿ ಗೊತ್ತು.

ನನ್ನ ಮಗನಿಗೆ ಹಡಗಿನ ಪದಗಳೇ ಅರ್ಥ ಆಗ್ತಿಲ್ಲ, ಅರ್ಧಕ್ಕೇ ಬಿಟ್ಟುಬಿಟ್ಟ. ಏನ್ಮಾಡ್ಲಿ?

ಒಂದು ಹಾಯಿಹಡಗಿನ ಚಿತ್ರ ಗೋಡೆಗೆ ಅಂಟಿಸಿ. ಮುಂಭಾಗ, ಹಿಂಭಾಗ, ಕೂವೆಕಂಬ, ಹಾಯಿ, ಚುಕ್ಕಾಣಿ, ಲಂಗರು, ಇಷ್ಟು ಗೊತ್ತಾದ್ರೆ ಮುಕ್ಕಾಲು ಕಥೆ ದಾಟತ್ತೆ. ಉಳಿದ ಹಗ್ಗಗಳ ಹೆಸರೆಲ್ಲ ಹೊಸದಾಗಿ ಸೇರಿದ ನಾವಿಕರಿಗೇ ಬರ್ತಿರಲಿಲ್ಲ, ಓದುಗನಿಗೆ ಯಾಕೆ ಬರಬೇಕು. ಮೊದಲ ಅಧ್ಯಾಯದಲ್ಲೇ ಇಪ್ಪತ್ತು ಪದ ಸುರಿದಿದ್ರೆ ಅದು ಪುಸ್ತಕದ ತಪ್ಪು, ನಿಮ್ಮ ಮಗನದ್ದಲ್ಲ.

ಇದೆಲ್ಲ ನಿಜವಾಗ್ಲೂ ಆಗತ್ತಾ ಅಂತ ಮಗಳು ಕೇಳ್ತಾಳೆ, ಏನು ಹೇಳೋದು?

ಹಿಂದಕ್ಕೆ ಹೋಗೋ ದಾರಿ ಯಾರಿಗೂ ಗೊತ್ತಿಲ್ಲ ಅಂತ ನೇರವಾಗಿ ಹೇಳಿ. ಆದ್ರೆ ಎಲ್ಲಾ ಕಡೆ ಟೈಮ್ ಒಂದೇ ಥರ ಓಡಲ್ಲ ಅನ್ನೋದು ಮಾತ್ರ ಅಳೆದು ನೋಡಿರೋ ಸತ್ಯ. ಜಿಪಿಎಸ್ ಸ್ಯಾಟಲೈಟ್‌ಗಳಲ್ಲಿರೋ ಗಡಿಯಾರ ನೆಲದ ಮೇಲಿನ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡತ್ತೆ, ವೇಗ ಜಾಸ್ತಿ ಇರೋದ್ರಿಂದ ಸ್ವಲ್ಪ ನಿಧಾನ ಆಗಿ, ಗುರುತ್ವ ಕಮ್ಮಿ ಇರೋದ್ರಿಂದ ಅದಕ್ಕಿಂತ ಜಾಸ್ತಿ ಜೋರಾಗಿ, ಎರಡೂ ಕೂಡಿ ಕಳೆದು ಉಳಿಯೋದು ಅಷ್ಟು. ಅದನ್ನ ಸರಿ ಮಾಡದೆ ಬಿಟ್ರೆ ಜಿಪಿಎಸ್ ತೋರಿಸೋ ಜಾಗ ದಿನದಿನಕ್ಕೂ ಕಿಲೋಮೀಟರ್‌ಗಟ್ಟಲೆ ತಪ್ತಾ ಹೋಗತ್ತೆ. ಅಂದ್ರೆ ಇವತ್ತಿನ ಹಡಗಿಗೂ ತಾನೆಲ್ಲಿದೀನಿ ಅಂತ ಹೇಳ್ತಿರೋದು ಗಡಿಯಾರವೇ, ಅದು ಈಗ ಆಕಾಶದಲ್ಲಿದೆ ಅಷ್ಟೇ.

ಆ ಕಾಲದ ಹಡಗಲ್ಲಿ ಟಾಯ್ಲೆಟ್ ಎಲ್ಲಿರ್ತಿತ್ತು? ಯಾವ ಪುಸ್ತಕದಲ್ಲೂ ಬರೆದಿರಲ್ಲ

ಮಕ್ಕಳು ಕೇಳೋ ಮೊದಲ ಪ್ರಶ್ನೇನೇ ಇದು, ದೊಡ್ಡೋರು ಮಾತ್ರ ನಾಚ್ಕೋತಾರೆ. ಹಡಗಿನ ಮೂತಿಯ ಹತ್ರ ತೂತಿರೋ ಹಲಗೆಗಳು ಇರ್ತಿದ್ವು, ಕೆಳಗೆ ನೇರ ಸಮುದ್ರ. ಗಾಳಿ ಹೆಚ್ಚಾಗಿ ಹಿಂದಿನಿಂದಲೋ ಪಕ್ಕದಿಂದಲೋ ಬೀಸೋದ್ರಿಂದ ವಾಸನೆ ಮುಂದಕ್ಕೆ ಹೋಗಿಬಿಡ್ತಿತ್ತು. ಅಧಿಕಾರಿಗಳಿಗೆ ಹಿಂಭಾಗದಲ್ಲಿ ಬೇರೆ ಮರೆ ಇರ್ತಿತ್ತು. ಬಿರುಗಾಳೀಲಿ ಮೂತಿ ನೀರೊಳಗೆ ಮುಳುಗಿ ಏಳೋವಾಗ ಅಲ್ಲಿ ಕೂರೋದು ಸಾಹಸ ಅಲ್ಲ ಅಂದ್ರೆ ಇನ್ಯಾವುದು ಸಾಹಸ.

ಚಿಕ್ಕ ಮಕ್ಕಳು ನಿಜವಾಗ್ಲೂ ಹಡಗಲ್ಲಿ ಕೆಲಸ ಮಾಡ್ತಿದ್ರಾ? ಹುಡುಗೀರೂ?

ಹುಡುಗರಂತೂ ಬೇಕಾದಷ್ಟು ಜನ ಇದ್ರು. ಯುದ್ಧದ ಹಡಗುಗಳಲ್ಲಿ ಕೆಳಗಿನ ಮದ್ದಿನ ಕೋಣೆಯಿಂದ ಫಿರಂಗಿ ತನಕ ಮದ್ದು ಹೊತ್ತು ಓಡ್ತಿದ್ದವರಲ್ಲಿ ಸುಮಾರು ಜನ ಹುಡುಗರೇ, ಇಕ್ಕಟ್ಟಲ್ಲಿ ನುಸುಳೋಕೆ ಪುಟ್ಟ ಮೈಯೇ ಅನುಕೂಲ. ಮುಂದೆ ದೊಡ್ಡ ಅಡ್ಮಿರಲ್ ಆದ ಹೊರೇಷಿಯೋ ನೆಲ್ಸನ್ 1771ರಲ್ಲಿ ನೌಕಾಪಡೆ ಸೇರ್ದಾಗ 12 ವರ್ಷ. ಹಾಗಾಗಿ ನಿಮ್ಮ ಕಥೆಯ ಹುಡುಗ ಹಡಗಲ್ಲಿ ಕಾಣಿಸ್ಕೊಂಡ್ರೆ ಯಾರಿಗೂ ಆಶ್ಚರ್ಯ ಆಗಲ್ಲ, ಕೈಗೊಂದು ಬಕೆಟ್ ಕೊಡ್ತಾರೆ.

ಕಂಬ ಹತ್ತಿಸೋದೂ ಉಂಟು. ಡೆಕ್ ಮೇಲೆ ನಿಂತು ನೀರಿಂದ 4 ಮೀಟರ್ ಎತ್ತರದಿಂದ ನೋಡಿದ್ರೆ ದಿಗಂತ ಸುಮಾರು 7 ಕಿಲೋಮೀಟರ್ ದೂರ, 30 ಮೀಟರ್ ಕಂಬದ ತುದಿಯಿಂದ ಅದೇ ದಿಗಂತ ಸುಮಾರು 20 ಕಿಲೋಮೀಟರ್. ಮೇಲಿರೋ ಹುಡುಗನಿಗೆ ಬೇರೆ ಹಡಗು ಕ್ಯಾಪ್ಟನ್‌ಗಿಂತ ಒಂದೆರಡು ಗಂಟೆ ಮೊದಲೇ ಕಾಣತ್ತೆ, ಮಗು ಹೇಳಿದ್ದನ್ನ ಎಲ್ಲರೂ ಕೇಳೋ ಜಾಗ ಇಡೀ ಹಡಗಲ್ಲಿ ಅದೊಂದೇ.

ಹುಡುಗೀರ ವಿಷಯಕ್ಕೆ ಬಂದ್ರೆ ಝಾನ್ ಬಾರೆ ಕಥೆ ಓದಲೇಬೇಕು. ಫ್ರೆಂಚ್ ಹೆಂಗಸು, 1766ರಲ್ಲಿ ಹೊರಟ ಬೂಗೆನ್ವಿಲ್ ಯಾನದಲ್ಲಿ ಗಂಡಸಿನ ವೇಷ ಹಾಕ್ಕೊಂಡು ಸಸ್ಯವಿಜ್ಞಾನಿ ಕೊಮೆರ್ಸೋನ್‌ಗೆ ಸಹಾಯಕಳಾಗಿ ಹಡಗು ಹತ್ತಿದ್ಳು. ಗುಟ್ಟು ದಾರೀಲಿ ರಟ್ಟಾಯ್ತು, ಮಾರಿಷಸ್‌ನಲ್ಲಿ ಇಳಿದ್ಳು, ವರ್ಷಗಳಾದ ಮೇಲೆ ಫ್ರಾನ್ಸ್‌ಗೆ ವಾಪಸ್ ಬಂದು ಭೂಮಿ ಸುತ್ತು ಹಾಕಿದ ಮೊದಲ ಮಹಿಳೆ ಅಂತ ಹೆಸರಾದ್ಳು. ಹುಡುಗಿ ಹೀರೋ ಆದ್ರೆ ನಂಬೋಕಾಗಲ್ಲ ಅನ್ನೋರಿಗೆ ಇದೊಂದು ಹೆಸರು ಹೇಳಿ ಸಾಕು.

ಕಡಲ್ಗಳ್ಳರು ನಿಧಿ ಹೂತಿಟ್ಟು ನಕ್ಷೆ ಬರೀತಿದ್ರಾ?

ತುಂಬಾ ಕಮ್ಮಿ. ಸಿಕ್ಕಿದ್ದನ್ನ ಹಂಚ್ಕೊಂಡು ಬಂದರಿಗೆ ಹೋಗಿ ಖರ್ಚು ಮಾಡಿಬಿಡ್ತಿದ್ರು. ನಿಧಿಗಿಂತ ಮಜಾ ಇರೋದು ಅವರ ರೂಲ್ಸಲ್ಲಿ. 1722ರಲ್ಲಿ ಸತ್ತ ಬಾರ್ತಲೋಮ್ಯೂ ರಾಬರ್ಟ್ಸ್‌ನ ಹಡಗಲ್ಲಿ ಎಲ್ಲರಿಗೂ ಓಟು ಇತ್ತು, ದುಡ್ಡು ಕಟ್ಟಿ ಇಸ್ಪೀಟು ಆಡೋ ಹಾಗಿರಲಿಲ್ಲ, ರಾತ್ರಿ ಎಂಟಕ್ಕೆ ದೀಪ ಆರಿಸಬೇಕಿತ್ತು. ಎಂಟಕ್ಕೆ ಲೈಟ್ ಆಫ್ ಅಂದ್ರೆ ಮಕ್ಕಳಿಗೆ ಕಳ್ಳರ ಮೇಲಿನ ಮರ್ಯಾದೆನೇ ಹೋಗಿಬಿಡತ್ತೆ.

## ಹಡಗು ಹತ್ತಿದ ಮೇಲೆ ಏಳೋ ತಕರಾರು

ಹೀರೋ ಹತ್ರ ಮೊಬೈಲ್ ಇದ್ರೆ ಕಥೆ ಅಲ್ಲಿಗೇ ಮುಗೀತಲ್ವಾ?

ಮುಗಿಯಲ್ಲ, ಅಲ್ಲಿಂದಲೇ ಶುರು. 1700ರ ಆಸುಪಾಸಲ್ಲಿ ಸ್ಯಾಟಲೈಟ್ ಇಲ್ಲ, ಜಿಪಿಎಸ್ ಸತ್ತೋಯ್ತು, ನೆಟ್‌ವರ್ಕ್ ಕೇಳಲೇಬೇಡಿ. ಟಾರ್ಚು, ಕ್ಯಾಮರಾ, ಕ್ಯಾಲ್ಕುಲೇಟರ್ ಇರ್ತವೆ, ಬ್ಯಾಟರಿ ಇರೋವರೆಗೂ, ಉಪ್ಪುನೀರು ಒಳಗೆ ಹೋಗದಿದ್ರೆ. ಮಾಟಗಾತಿ ಅಂದ್ಕೊಂಡು ಸಮುದ್ರಕ್ಕೆ ಎಸೀದಿದ್ರೆ.

ಆದ್ರೆ ಬರೆಯೋರು ಹೆಚ್ಚಾಗಿ ಮರೆಯೋ ಒಂದು ವಸ್ತು ಇದೆ, ಮಗುವಿನ ಕೈಲಿರೋ ಅಗ್ಗದ ಕ್ವಾರ್ಟ್ಜ್ ವಾಚು. ಇದರ ಬೆಲೆ ಗೊತ್ತಾಗಬೇಕಂದ್ರೆ ಸ್ವಲ್ಪ ಇತಿಹಾಸ ಬೇಕು. 1707ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗು ಇಂಗ್ಲೆಂಡ್‌ನ ನೈಋತ್ಯಕ್ಕಿರೋ ಸಿಲ್ಲಿ ದ್ವೀಪಗಳ ಬಂಡೆಗೆ ಬಡಿದು ಮುಳುಗಿದ್ವು, ತಾವು ಎಲ್ಲಿದೀವಿ ಅನ್ನೋ ಲೆಕ್ಕವೇ ತಪ್ಪಿತ್ತು, ಸಾವಿರಕ್ಕೂ ಹೆಚ್ಚು ಜನ ಸತ್ರು. 1714ರಲ್ಲಿ ಪಾರ್ಲಿಮೆಂಟ್ ಕಾಯ್ದೆ ಮಾಡಿ ರೇಖಾಂಶವನ್ನ ಅರ್ಧ ಡಿಗ್ರಿ ಒಳಗೆ ಕಂಡುಹಿಡಿಯೋ ಉಪಾಯ ಹೇಳಿದೋರಿಗೆ 20,000 ಪೌಂಡ್ ಬಹುಮಾನ ಅಂತು. ಅರ್ಧ ಡಿಗ್ರಿ ಅಂದ್ರೆ ಟೈಮಲ್ಲಿ 2 ನಿಮಿಷ. ವೆಸ್ಟ್ ಇಂಡೀಸ್ ತಲುಪೋ ಅಷ್ಟೂ ವಾರ ಅಲುಗಾಡೋ ಹಡಗಲ್ಲಿ ಬಿಸಿಲು ಚಳಿ ತೇವ ಎಲ್ಲಾ ತಿಂದ್ಕೊಂಡು ಗಡಿಯಾರ 2 ನಿಮಿಷಕ್ಕಿಂತ ಜಾಸ್ತಿ ತಪ್ಪಬಾರದು. ಜಾನ್ ಹ್ಯಾರಿಸನ್ ಅನ್ನೋ ಬಡಗಿ ತನ್ನ ಜೀವಮಾನವನ್ನೇ ಇದಕ್ಕೆ ಸುರಿದ, ಅವನ ನಾಲ್ಕನೇ ಗಡಿಯಾರ 1761ರಲ್ಲಿ ಹೊರಟು ಜಮೈಕಾ ತಲುಪಿದಾಗ ಬರೀ 5 ಸೆಕೆಂಡ್ ಹಿಂದಿತ್ತು, ಆಮೇಲೂ ಪೂರ್ತಿ ದುಡ್ಡಿಗೆ 1773ರ ತನಕ ಅಲೆದಾಡಿಸಿದ್ರು.

ಈಗ ಮಗುವಿನ ವಾಚಿಗೆ ಬನ್ನಿ. ಸಾಧಾರಣ ಕ್ವಾರ್ಟ್ಜ್ ವಾಚು ತಿಂಗಳಿಗೆ 15 ಸೆಕೆಂಡ್ ಆಸುಪಾಸು ತಪ್ಪತ್ತೆ. ಅಂದ್ರೆ ಜಾತ್ರೇಲಿ ಕೊಡಿಸಿದ ವಾಚೂ 20,000 ಪೌಂಡ್ ಗೆಲ್ಲತ್ತೆ! ಹಡಗಲ್ಲಿರೋ ನಿಜವಾದ ನಿಧಿ ಆ ಮಗುವಿನ ಮಣಿಕಟ್ಟಲ್ಲಿದೆ, ಅದು ಯಾರಿಗೂ ಗೊತ್ತಿಲ್ಲ. ಸುಲಭಕ್ಕೆ ಬಳಸೋಕೂ ಆಗಲ್ಲ ನೋಡಿ, ಕಾಲ ಹಾರಿದ ಮೇಲೆ ವಾಚು ತೋರಿಸೋ ಗಂಟೆಗೂ ಅಲ್ಲಿನ ಸೂರ್ಯನಿಗೂ ಸಂಬಂಧ ಇರಲ್ಲ, ರೇಖಾಂಶ ಗೊತ್ತಿರೋ ಯಾವುದಾದ್ರೂ ಬಂದರಲ್ಲಿ ನಿಂತು ಕೋಲಿನ ನೆರಳು ಅತೀ ಚಿಕ್ಕದಾಗೋ ಹೊತ್ತು ಗುರುತು ಹಾಕ್ಕೊಂಡು ಮತ್ತೆ ಹೊಂದಿಸ್ಕೋಬೇಕು. ಅಲ್ಲೂ ಒಂದು ಗುಂಡಿ ಇದೆ, ಸೂರ್ಯ ನೆತ್ತಿಗೆ ಬರೋ ಹೊತ್ತು ವರ್ಷದಲ್ಲಿ 16 ನಿಮಿಷದವರೆಗೂ ಹಿಂದೆ ಮುಂದೆ ಆಗ್ತಿರತ್ತೆ, ಅದನ್ನ ಲೆಕ್ಕಕ್ಕೆ ತಗೊಳ್ದಿದ್ರೆ 4 ಡಿಗ್ರಿ ತಪ್ಪು, ಸಮಭಾಜಕದ ಹತ್ರ 240 ನಾಟಿಕಲ್ ಮೈಲಿ, ಅಂದ್ರೆ ಸುಮಾರು 445 ಕಿಲೋಮೀಟರ್. ಒಂದು ಇಡೀ ಅಧ್ಯಾಯಕ್ಕೆ ಆಗೋವಷ್ಟು ಸರಕು ಇಲ್ಲೇ ಬಿದ್ದಿದೆ, ಅದನ್ನ ಬಿಟ್ಟು ಮೊಬೈಲ್ ಬೆಳಕಿಗೆ ಕಳ್ಳರು ಹೆದರಿ ಓಡೋ ಸೀನು ಎಷ್ಟು ಸಲ ಓದೋದು.

ನಕ್ಷತ್ರ ನೋಡಿ ಯಾವ ಶತಮಾನಕ್ಕೆ ಬಂದಿದೀವಿ ಅಂತ ಹೇಳೋಕಾಗತ್ತಾ?

ಸುಮಾರಾಗಿ ಆಗತ್ತೆ. ಭೂಮಿಯ ಅಕ್ಷ ನಿಧಾನಕ್ಕೆ ವಾಲಾಡ್ತಾ ಸುತ್ತತ್ತೆ, ಒಂದು ಸುತ್ತಿಗೆ ಸುಮಾರು 26,000 ವರ್ಷ, ಹಾಗಾಗಿ ಧ್ರುವ ನಕ್ಷತ್ರ ಯಾವಾಗ್ಲೂ ಧ್ರುವದಲ್ಲಿರಲ್ಲ. ಈಗ ಅದು ನಿಜವಾದ ಉತ್ತರ ಧ್ರುವಬಿಂದುವಿಂದ ಒಂದು ಡಿಗ್ರಿಗಿಂತ ಕಮ್ಮಿ ದೂರ ಇದೆ, ಕೊಲಂಬಸ್ ಕಾಲದಲ್ಲಿ ಸುಮಾರು ಮೂರೂವರೆ ಡಿಗ್ರಿ ಆಚೆ ಇತ್ತು, ಅಂದ್ರೆ ಏಳು ಹುಣ್ಣಿಮೆ ಚಂದ್ರನನ್ನ ಸಾಲಾಗಿ ಇಟ್ಟಷ್ಟು. ಸುಮಾರು 4,800 ವರ್ಷ ಹಿಂದಕ್ಕೆ ಹೋದ್ರೆ ಆ ಜಾಗದಲ್ಲಿ ಥೂಬಾನ್ ಅನ್ನೋ ಬೇರೇನೇ ನಕ್ಷತ್ರ ಇರತ್ತೆ. ರಾತ್ರಿಯೆಲ್ಲ ಎದ್ದು ಕೂತು ಧ್ರುವ ನಕ್ಷತ್ರ ಎಷ್ಟು ದೊಡ್ಡ ಸುತ್ತು ಹೊಡೀತು ಅಂತ ನೋಡೋ ಹುಡುಗಿಗೆ ಕ್ಯಾಲೆಂಡರ್ ಬೇಡ.

ದಿಕ್ಸೂಚೀನೂ ಕಾಲ ಹೇಳತ್ತೆ. ಲಂಡನ್‌ನಲ್ಲಿ 1580ರಲ್ಲಿ ಮುಳ್ಳು ನಿಜವಾದ ಉತ್ತರದಿಂದ ಸುಮಾರು 11 ಡಿಗ್ರಿ ಪೂರ್ವಕ್ಕೆ ವಾಲಿತ್ತು, 1820ರ ಹೊತ್ತಿಗೆ ಸುಮಾರು 24 ಡಿಗ್ರಿ ಪಶ್ಚಿಮಕ್ಕೆ. ಇವತ್ತಿನ ನಕ್ಷೆ ಹಿಡ್ಕೊಂಡು ಅವತ್ತಿನ ಮುಳ್ಳು ನಂಬಿದ್ರೆ ಬಂಡೆಗೇ ಹೋಗೋದು.

ಭೂಮಿ ಸುತ್ತಿ ಬಂದ್ರೆ ಒಂದು ದಿನ ಮಾಯ ಆಗತ್ತೆ ಅಂತಾರಲ್ಲ, ಅದೂ ಟೈಮ್ ಟ್ರಾವೆಲ್ ತಾನೆ?

ಅಲ್ಲ, ಆದ್ರೆ ಮೊದಲ ಸಲ ಅನುಭವಿಸಿದೋರಿಗೆ ಹಾಗೇ ಅನ್ಸಿರಬೇಕು. ಮೆಗೆಲನ್ ಜೊತೆ 1519ರಲ್ಲಿ ಐದು ಹಡಗು ಹೊರಟ್ವು, ಅವನು ದಾರೀಲೇ ಸತ್ತ, 1522ರಲ್ಲಿ ವಿಕ್ಟೋರಿಯಾ ಅನ್ನೋ ಒಂದೇ ಹಡಗು 18 ಜನರನ್ನ ಹೊತ್ತು ಸ್ಪೇನ್ ಮುಟ್ಟಿತು. ಬರೋ ದಾರೀಲಿ ಕೇಪ್ ವರ್ಡ್ ದ್ವೀಪದಲ್ಲಿ ನಿಂತಾಗ ಹಡಗಿನ ಲೆಕ್ಕದಲ್ಲಿ ಬುಧವಾರ, ದಡದವರು ಗುರುವಾರ ಅಂತಾರೆ. ಪಿಗಾಫೆಟ್ಟಾ ಅನ್ನೋನು ಒಂದು ದಿನಾನೂ ಬಿಡದೆ ಡೈರಿ ಬರೀತಿದ್ದ, ಅವನಿಗೇ ತಲೆ ಕೆಟ್ಟಿತು. ಸೂರ್ಯ ಹೋಗೋ ದಿಕ್ಕಲ್ಲೇ ಪಶ್ಚಿಮಕ್ಕೆ ಹೋಗ್ತಾ ಹೋಗ್ತಾ ಪ್ರತೀ ದಿನಾನೂ ಚೂರು ಚೂರು ಉದ್ದ ಆಗಿ, ಮೂರು ವರ್ಷದಲ್ಲಿ ಒಂದು ಸೂರ್ಯೋದಯ ಅವರ ಲೆಕ್ಕದಲ್ಲಿ ಕಮ್ಮಿ ಬಿದ್ದಿತ್ತು. ಇಂಥದ್ದು ಈಗ್ಲೂ ನಡೆಯತ್ತೆ, ಸಮೋವಾ ದೇಶ ದಿನಾಂಕ ರೇಖೆಯ ಆ ಕಡೆಯಿಂದ ಈ ಕಡೆಗೆ ಬಂದಾಗ 2011ರ ಡಿಸೆಂಬರ್ 30 ಅನ್ನೋ ದಿನವೇ ಅಲ್ಲಿರಲಿಲ್ಲ. ಆ ದಿನ ಹುಟ್ಟುಹಬ್ಬ ಇದ್ದ ಮಕ್ಕಳು ಏನ್ಮಾಡಿರಬಹುದು ಅಂತ ನಾನು ಯೋಚನೆ ಮಾಡ್ತಿರ್ತೀನಿ.

ನಿಂಬೆಹಣ್ಣು ತಿನ್ನಿ ಅಂತ ಒಂದು ಮಾತು ಹೇಳಿದ್ರೆ ಮಗು ಇಡೀ ಹಡಗನ್ನೇ ಉಳಿಸಬಹುದಲ್ವಾ?

ಹೇಳಬಹುದು. ಕೇಳೋರು ಯಾರು? ಸ್ಕರ್ವಿ ಅಂದ್ರೆ ವಿಟಮಿನ್ ಸಿ ಕೊರತೆ, ವಸಡು ಊದ್ಕೊಂಡು ರಕ್ತ ಬರತ್ತೆ, ಹಳೇ ಗಾಯಗಳು ಮತ್ತೆ ಬಾಯಿ ಬಿಡ್ತವೆ, ದೂರದ ಯಾನಗಳಲ್ಲಿ ಬಿರುಗಾಳಿ, ಯುದ್ಧಕ್ಕಿಂತ ಜಾಸ್ತಿ ಜನರನ್ನ ಕೊಂದಿದ್ದು ಇದೇ. 1747ರಲ್ಲಿ ಜೇಮ್ಸ್ ಲಿಂಡ್ ಅನ್ನೋ ಹಡಗಿನ ವೈದ್ಯ 12 ರೋಗಿಗಳನ್ನ ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಒಂದೊಂದು ಜೋಡಿಗೆ ಒಂದೊಂದು ಕೊಟ್ಟು ನೋಡಿದ, ವಿನೆಗರ್, ಸಮುದ್ರದ ನೀರು, ಆಸಿಡ್ ಬೆರೆಸಿದ ನೀರು, ಕಿತ್ತಳೆ ನಿಂಬೆ ಹೀಗೆ. ಕಿತ್ತಳೆ ನಿಂಬೆ ತಿಂದ ಇಬ್ಬರು ಒಂದೇ ವಾರದಲ್ಲಿ ಚೇತರಿಸ್ಕೊಂಡ್ರು. ಅಷ್ಟು ಕಣ್ಣಿಗೆ ಕಾಣೋ ಫಲಿತಾಂಶ ಇದ್ರೂ ಬ್ರಿಟಿಷ್ ನೌಕಾಪಡೆ ನಿಂಬೆರಸ ಕೊಡೋ ಪದ್ಧತಿ ತಂದಿದ್ದು 1795ರಲ್ಲಿ. ವೈದ್ಯ ಕೈಯಾರೆ ಮಾಡಿ ತೋರಿಸಿದ್ದಕ್ಕೇ 48 ವರ್ಷ ಹಿಡೀತು, ಎಲ್ಲಿಂದಾನೋ ಬಂದ ಹುಡುಗಿ ಹೇಳಿದ ತಕ್ಷಣ ಕ್ಯಾಪ್ಟನ್ ತಲೆ ಆಡಿಸಿಬಿಟ್ಟ ಅಂತ ಬರೆದ್ರೆ ನಾನಂತೂ ಪುಸ್ತಕ ಮುಚ್ಚಿಡ್ತೀನಿ. ಅವಳು ಅಡುಗೆಯವನ ಸ್ನೇಹ ಮಾಡ್ಕೊಂಡು ಗುಟ್ಟಾಗಿ ಗಂಜಿಗೆ ಹಿಂಡ್ಲಿ, ಆಗ ಕಥೆ.

ಭಾಷೆ ಹೇಗೆ ಅರ್ಥ ಆಗತ್ತೆ?

ಎರಡೇ ದಾರಿ. ಮಾಯೆಯಿಂದ ಅರ್ಥ ಆಗತ್ತೆ ಅಂತ ಮೊದಲ ಪುಟದಲ್ಲೇ ಹೇಳಿ ಮುಂದೆ ಹೋಗಿಬಿಡಿ, ಇಲ್ಲಾ ಅರ್ಥ ಆಗಲ್ಲ ಅಂತ ಒಪ್ಕೊಂಡು ಅದರ ತಮಾಷೆ ತೋರಿಸಿ. ಹಡಗಿನ ಜನಾನೂ ಹತ್ತು ಊರಿಂದ ಬಂದೋರು, ಅರ್ಧ ಮಾತು ಕೈಸನ್ನೇಲೇ ನಡೀತಿತ್ತು, ಎರಡನೇದೇ ಹೆಚ್ಚು ಚೆಂದ.

## ಬರೆಯೋಕೆ ಹೊರಟೋರಿಗೆ

ಹಿಂದಿನದನ್ನ ಬದಲಾಯಿಸಬಹುದಾ ಬೇಡ್ವಾ? ನನಗೆ ತಲೆ ಕೆಟ್ಟುಹೋಗಿದೆ

ಮೂರು ರೂಲ್ ಇವೆ, ಒಂದನ್ನ ಹಿಡ್ಕೊಳಿ. ಏನೇ ಮಾಡಿದ್ರೂ ಆಗೋದೇ ಆಗತ್ತೆ, ಮಗು ಹೋಗಿದ್ದೂ ಆ ಇತಿಹಾಸದ ಭಾಗವೇ ಅನ್ನೋದು ಒಂದು. ಬದಲಾಯಿಸಬಹುದು, ಬದಲಾಯಿಸಿದ್ರೆ ವಾಪಸ್ ಬಂದಾಗ ಮನೆ ಬೇರೆ ಥರ ಇರತ್ತೆ ಅನ್ನೋದು ಇನ್ನೊಂದು. ಬದಲಾಯಿಸಿದ ಕೂಡ್ಲೇ ಬೇರೆ ಕವಲು ಹುಟ್ಟಿ ಹಳೇದು ಹಾಗೇ ಉಳಿಯತ್ತೆ ಅನ್ನೋದು ಮೂರನೇದು. ಮಕ್ಕಳಿಗೆ ಬರೆಯೋವಾಗ ಮೂರನೇದು ನನಗೆ ಹಿಡಿಸಲ್ಲ, ಹಳೇದು ಹಾಗೇ ಇದೆ ಅಂದ್ಮೇಲೆ ಯಾರು ಸತ್ರೂ ಏನಂತೆ ಅನ್ನೋ ಹಾಗಾಗತ್ತೆ. ಯಾವುದನ್ನ ಆರಿಸಿದ್ರೂ ಹೀರೋಗೆ ಕಷ್ಟ ಬಂತು ಅಂತ ಕೊನೇಲಿ ರೂಲ್ ಬದಲಾಯಿಸಬೇಡಿ, ದೊಡ್ಡೋರು ಸುಮ್ಮನಿರ್ತಾರೆ, ಮಕ್ಕಳು ಬಿಡಲ್ಲ, ಪುಟದ ನಂಬರ್ ಸಮೇತ ಬರೆದು ಕಳಿಸ್ತಾರೆ.

ಕಾಲ ಹಾರೋ ಬಾಗಿಲೂ ಕಡಲಿಂದಲೇ ಬರಲಿ. ಇಂಥಾ ಉಬ್ಬರ, ಇಂಥಾ ರೇಖಾಂಶ, ಮರಳು ಗಡಿಯಾರ ತಿರುಗಿಸೋದು ಮರೆತ ಆ ಒಂದು ಗಳಿಗೆ. ಮಿಂಚು ಹೊಡೆದು ಕಾಲ ಹಾರಿತು ಅಂತ ಬರೆಯೋರು ಬೇಕಾದಷ್ಟು ಜನ ಇದಾರೆ.

ಹಡಗು ಮುಳುಗತ್ತೆ ಅಂತ ಮಗೂಗೆ ಗೊತ್ತಿದ್ರೆ ಅವನು ಸುಮ್ಮನೆ ಹೇಗಿರೋದು?

ಸುಮ್ಮನಿರೋದು ಬೇಡ, ಕೂಗ್ಲಿ. ವಾಸಾ ಹಡಗಿನ ಕಥೆ ನೋಡಿ. 1628ರ ಆಗಸ್ಟ್ 10ಕ್ಕೆ ಸ್ಟಾಕ್‌ಹೋಮ್‌ನಲ್ಲಿ ಸ್ವೀಡನ್ ರಾಜನ ಹೊಸ ಯುದ್ಧದ ಹಡಗು ಮೊದಲ ಸಲ ಹೊರಡತ್ತೆ, 64 ಫಿರಂಗಿ, ಮೇಲಿನ ಭಾಗ ವಿಪರೀತ ಭಾರ, ಒಂದೂವರೆ ಕಿಲೋಮೀಟರ್ ಕೂಡ ಹೋಗಲ್ಲ, ಗಾಳಿಗೆ ವಾಲಿ ಮುಳುಗತ್ತೆ. ಯಾರಿಗೂ ಗೊತ್ತಿರಲಿಲ್ಲ ಅಂತಲ್ಲ. ಅದಕ್ಕೂ ಮುಂಚೆ 30 ಜನರನ್ನ ಡೆಕ್ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿ ಪರೀಕ್ಷೆ ಮಾಡಿದ್ರು, ಹಡಗು ಹೇಗೆ ಹೊಯ್ದಾಡಿತು ಅಂದ್ರೆ ಮುಳುಗತ್ತೇನೋ ಅಂತ ಹೆದರಿ ಮಧ್ಯದಲ್ಲೇ ನಿಲ್ಲಿಸಿದ್ರು. ಆದ್ರೂ ಹಡಗು ಹೊರಟಿತು, ರಾಜನಿಗೆ ಅರ್ಜೆಂಟಿತ್ತು. 1961ರಲ್ಲಿ ಅದನ್ನ ಮೇಲೆತ್ತಿ ಈಗ ಮ್ಯೂಸಿಯಂನಲ್ಲಿಟ್ಟಿದಾರೆ. ಅಡ್ಮಿರಲ್‌ಗೇ ಗೊತ್ತಿದ್ದ ವಿಷಯವನ್ನ ಮಗು ಹೊಸದಾಗಿ ಹೇಳೋದೇನಿದೆ, ಅದಕ್ಕೆ ಉಳಿದಿರೋ ಕೆಲಸ ಬೇರೆ, ಕೆಳಗಿನ ಡೆಕ್‌ನಲ್ಲಿರೋ ಗೆಳೆಯನನ್ನ ಏನಾದ್ರೂ ನೆಪ ಹೇಳಿ ಆ ಹೊತ್ತಿಗೆ ಮೇಲೆ ಕರ್ಕೊಂಡು ಬರೋದು. ನೂರಾರು ಜನರನ್ನ ಉಳಿಸೋ ಕಥೆಗಿಂತ ಆ ಒಬ್ಬನ್ನ ಉಳಿಸೋ ಕಥೆ ಜಾಸ್ತಿ ಉಸಿರು ಬಿಗಿಹಿಡಿಸತ್ತೆ.

ಹಡಗು ಎಷ್ಟು ದಿನಕ್ಕೆ ತಲುಪತ್ತೆ ಅಂತ ಲೆಕ್ಕ ಹಾಕೋದು ಹೇಗೆ?

ಸಾಮಾನು ತುಂಬಿದ ಹಾಯಿಹಡಗಿಗೆ 4ರಿಂದ 6 ನಾಟ್ ಅಂದ್ಕೊಳಿ, ಒಂದು ನಾಟ್ ಅಂದ್ರೆ ಗಂಟೆಗೆ 1.852 ಕಿಲೋಮೀಟರ್. ಹೆಚ್ಚುಕಮ್ಮಿ ನಿಧಾನಕ್ಕೆ ಓಡೋ ಮನುಷ್ಯನ ವೇಗ, ಆದ್ರೆ ಹಗಲೂ ರಾತ್ರಿ. ವೇಗ ಅಳೆಯೋ ಸೀನ್ ಮಕ್ಕಳಿಗೆ ತುಂಬಾ ಇಷ್ಟ ಆಗತ್ತೆ: ಮರದ ತುಂಡು ಕಟ್ಟಿದ ಹಗ್ಗ ಹಿಂದಕ್ಕೆ ಬಿಡ್ತಾರೆ, ಹಗ್ಗದಲ್ಲಿ ಸುಮಾರು 14.4 ಮೀಟರ್‌ಗೊಂದು ಗಂಟು, 28 ಸೆಕೆಂಡಿನ ಮರಳು ಗಡಿಯಾರ ಖಾಲಿ ಆಗೋದ್ರೊಳಗೆ ಕೈಯಿಂದ ಎಷ್ಟು ಗಂಟು ಜಾರಿದ್ವೋ ಅಷ್ಟು ವೇಗ.

ಗಾಳಿ ಎದುರಾದ್ರೆ ಈ ಲೆಕ್ಕ ಎಲ್ಲಾ ನೀರುಪಾಲು. ವಾಸ್ಕೋ ಡ ಗಾಮ 1498ರಲ್ಲಿ ಆಫ್ರಿಕಾದ ಪೂರ್ವ ತೀರದ ಮಾಲಿಂದಿಯಿಂದ ದಾರಿ ಗೊತ್ತಿದ್ದ ಸ್ಥಳೀಯ ನಾವಿಕನ ಜೊತೆ ಹೊರಟು ನೈಋತ್ಯ ಮಾನ್ಸೂನ್ ಬೆನ್ನಿಗಿಟ್ಕೊಂಡು 23 ದಿನದಲ್ಲಿ ಅರಬ್ಬೀ ಸಮುದ್ರ ದಾಟಿದ. ವಾಪಸ್ ಹೋಗೋವಾಗ ಗಾಳಿ ತಿರುಗೋವರೆಗೂ ಕಾಯದೆ ಆಗಸ್ಟ್ ಕೊನೇಲಿ ಹೊರಟುಬಿಟ್ಟ, ಅದೇ ಸಮುದ್ರಕ್ಕೆ 132 ದಿನ ಹಿಡೀತು, ಜನ ಸ್ಕರ್ವಿಯಿಂದ ಸತ್ರು. ಹಾಗಾಗಿ ಕಥೆ ಯಾವ ತಿಂಗಳಲ್ಲಿ ನಡೆಯತ್ತೆ ಅಂತ ಮೊದಲು ತೀರ್ಮಾನ ಮಾಡಿ, ವರ್ಷ ಆಮೇಲೆ.

ಯಾವಾಗ್ಲೂ ಯುರೋಪಿನ ಹಡಗೇ ಯಾಕೆ? ಬೇರೆಯವರು ಸಮುದ್ರಕ್ಕೆ ಹೋಗ್ತಿರಲಿಲ್ವಾ?

ಹೋಗ್ತಿದ್ರು, ಅವರಿಗಿಂತ ಎಷ್ಟೋ ಮುಂಚೆ. ಹಿಂದೂ ಮಹಾಸಾಗರದಲ್ಲಿ ಕಬ್ಬಿಣದ ಮೊಳೆ ಹೊಡೀದೆ ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿದು ಕಟ್ಟಿದ ಹಡಗುಗಳು ಓಡಾಡ್ತಿದ್ವು. ಅರಬ್ ನಾವಿಕರ ಕಮಲ್ ಅನ್ನೋ ಉಪಕರಣ ಅಂದ್ರೆ ಒಂದು ಮರದ ಚೂರು, ಗಂಟು ಹಾಕಿದ ದಾರ, ಅಷ್ಟೇ. ದಾರವನ್ನ ಹಲ್ಲಲ್ಲಿ ಕಚ್ಕೊಂಡು ಮರದ ಕೆಳಗಿನ ಅಂಚು ದಿಗಂತಕ್ಕೆ ಮೇಲಿನ ಅಂಚು ಧ್ರುವ ನಕ್ಷತ್ರಕ್ಕೆ ಹೊಂದಿಸಿದ್ರೆ ಯಾವ ಬಂದರಿನ ಅಕ್ಷಾಂಶದಲ್ಲಿದೀವಿ ಅಂತ ಗಂಟು ಹೇಳ್ತಿತ್ತು. ಮಗು ರಟ್ಟಲ್ಲಿ ಮನೇಲೇ ಮಾಡ್ಕೋಬಹುದು. ಚೀನಾದ ಝೆಂಗ್ ಹೆ 1405ರಿಂದ 1433ರೊಳಗೆ ಏಳು ಸಲ ದೊಡ್ಡ ದೊಡ್ಡ ಹಡಗುಪಡೆ ಕಟ್ಕೊಂಡು ಬಂದ, ಆಫ್ರಿಕಾದ ಪೂರ್ವ ತೀರದವರೆಗೂ ಹೋದ್ರು. ಪಾಲಿನೇಷಿಯಾದೋರು ಉಪಕರಣಾನೇ ಇಲ್ಲದೆ ನಕ್ಷತ್ರ, ಅಲೆ, ಹಕ್ಕಿ ನೋಡ್ಕೊಂಡು ಶಾಂತಸಾಗರ ದಾಟಿದೋರು, ಅದು ಆಗಲ್ಲ ಅಂದೋರಿಗೆ 1976ರಲ್ಲಿ ಮೌ ಪಿಯೈಲುಗ್ ಅನ್ನೋ ನಾವಿಕ ಹೊಕುಲೆಅ ಅನ್ನೋ ಜೋಡಿ ದೋಣೀನ ಹವಾಯಿಯಿಂದ ಟಹೀಟಿಗೆ ಹಾಗೇ ಮುಟ್ಟಿಸಿ ತೋರಿಸಿದ. ಆ ದೋಣಿಗೆ ಕಾಲ ಹಾರಿ ಬಂದ ಮಗು ವಾಚು ತೋರಿಸಿದ್ರೆ ಅವರು ನಕ್ಕುಬಿಡ್ತಾರೆ. ಇಂಥಾ ಕಥೆ ಇನ್ನೂ ಜಾಸ್ತಿ ಬರಬೇಕು ಅಂತ ನನ್ನ ಆಸೆ.

ಗುಲಾಮರ ಹಡಗುಗಳ ಬಗ್ಗೆ ಮಕ್ಕಳ ಪುಸ್ತಕದಲ್ಲಿ ಬರೆಯೋದು ಬೇಕಾ?

1500ರಿಂದ 1800ರ ದಶಕಗಳ ನಡುವೆ ಅಟ್ಲಾಂಟಿಕ್‌ನಲ್ಲಿ ಕಥೆ ನಡೆದ್ರೆ ಬಿಡೋಕಾಗಲ್ಲ. ಆಫ್ರಿಕಾದಿಂದ ಸುಮಾರು 1.25 ಕೋಟಿ ಜನರನ್ನ ಹಡಗಿಗೆ ತುಂಬಿದ್ರು ಅಂತ ಇತಿಹಾಸಕಾರರ ಅಂದಾಜು, ಅದರಲ್ಲಿ ಮಕ್ಕಳೂ ಇದ್ರು. ಎಷ್ಟೋ ಬಂದರಲ್ಲಿ ಆ ಹಡಗು ನಿಂತಿರ್ತಿತ್ತು, ಅದು ಕಾಣದ ಹಾಗೆ ಬರೆಯೋದು ಸುಳ್ಳು ಬರೆದ ಹಾಗೇನೇ. ಹಿಂಸೆ ವಿವರವಾಗಿ ತೋರಿಸಬೇಕಿಲ್ಲ, ಮಗು ಏನು ನೋಡತ್ತೋ ಅಷ್ಟೇ ಸಾಕು: ವಾಸನೆ, ಸಂಕೋಲೆ ಸದ್ದು, ಗೆಳೆಯ ಅಂದ್ಕೊಂಡಿದ್ದ ನಾವಿಕ ಅದೆಲ್ಲ ಮಾಮೂಲಿ ಅನ್ನೋ ಹಾಗೆ ಮಾತಾಡೋದು. ಮುಂದಿನ ಕಾಲದಿಂದ ಬಂದ ಮಗು ಒಂದೇ ಏಟಿಗೆ ಎಲ್ಲರನ್ನೂ ಬಿಡಿಸಿಬಿಟ್ಟಿತು ಅಂತ ಮಾತ್ರ ಬರೀಬೇಡಿ, ಆ ಹಡಗುಗಳಲ್ಲಿ ತಾವೇ ದಂಗೆ ಎದ್ದೋರ ಶ್ರಮವನ್ನ ಕಿತ್ಕೊಂಡ ಹಾಗಾಗತ್ತೆ.

ಹಳೇ ಲಾಗ್‌ಬುಕ್ (ಹಡಗಿನ ದಿನಚರಿ ಪುಸ್ತಕ) ನೋಡಿ ಬರೀತಿದೀನಿ, ತಾರೀಖು ಒಂದಕ್ಕೊಂದು ಹೊಂದ್ತಾನೇ ಇಲ್ಲ, ಯಾಕೆ?

ಎರಡು ಕಾರಣ ಇರಬಹುದು. ಒಂದು ಕ್ಯಾಲೆಂಡರ್. ಸ್ಪೇನ್, ಪೋರ್ಚುಗಲ್ 1582ರಲ್ಲಿ ಅಕ್ಟೋಬರ್ 4 ಆದ ಮಾರನೇ ದಿನ ಅಕ್ಟೋಬರ್ 15 ಅಂದ್ಬಿಟ್ವು, ಇಂಗ್ಲೆಂಡ್ 1752ರ ತನಕ ಹಳೇದನ್ನೇ ಹಿಡ್ಕೊಂಡಿತ್ತು. ಹಾಗಾಗಿ 1650ರಲ್ಲಿ ಸ್ಪೇನ್ ಹಡಗೂ ಇಂಗ್ಲಿಷ್ ಹಡಗೂ ಎದುರುಬದುರು ಸಿಕ್ಕಿದ್ರೆ ಇಬ್ಬರ ತಾರೀಖಿಗೆ 10 ದಿನ ವ್ಯತ್ಯಾಸ, 1700ರ ನಂತರ 11. ಇಂಗ್ಲೆಂಡ್‌ನಲ್ಲಿ ಆಗ ಹೊಸ ವರ್ಷ ಶುರು ಆಗ್ತಿದ್ದಿದ್ದು ಮಾರ್ಚ್ 25ಕ್ಕೆ, ಅದರಿಂದ ಫೆಬ್ರವರಿ ಪುಟದಲ್ಲಿ ನಿಮಗೆ ಹಿಂದಿನ ವರ್ಷದ ಇಸವಿ ಕಾಣಬಹುದು.

ಎರಡನೇದು ಇನ್ನೂ ಮಜವಾಗಿದೆ. ಬ್ರಿಟಿಷ್ ನೌಕಾಪಡೆಯ ಹಡಗುಗಳಲ್ಲಿ 1805ರವರೆಗೂ ದಿನ ಶುರು ಆಗ್ತಿದ್ದಿದ್ದು ಮಧ್ಯಾಹ್ನ ಹನ್ನೆರಡಕ್ಕೆ, ಸೂರ್ಯನ್ನ ನೋಡಿ ಲೆಕ್ಕ ಹಾಕ್ತಿದ್ದ ಹೊತ್ತು ಅದು. ದಡದವರಿಗೆ 4ನೇ ತಾರೀಖಿನ ಮಧ್ಯಾಹ್ನ ಆದ್ರೆ ಹಡಗಿನ ಪುಸ್ತಕದಲ್ಲಿ ಆಗಲೇ 5. ಬೆಳಗಿನ ಹೊತ್ತಿನ ತಾರೀಖು ಇಬ್ಬರದ್ದೂ ಒಂದೇ, ಮಧ್ಯಾಹ್ನದ ಮೇಲಿಂದು ಮಾತ್ರ ಬೇರೆ. ಇದನ್ನ ತಲೆನೋವು ಅಂತ ಬಿಡಬೇಡಿ, ಕಥೆಗೇ ಬಳಸ್ಕೊಳಿ. ನಿಮ್ಮ ಹುಡುಗಿ ಇವತ್ತಿನ ಮ್ಯೂಸಿಯಂನಲ್ಲಿ ಆ ಲಾಗ್‌ಬುಕ್ ಓದಿರ್ತಾಳೆ, 5ನೇ ತಾರೀಖು ಮಧ್ಯಾಹ್ನ ಮೂರಕ್ಕೆ ಹಡಗು ಬಂಡೆಗೆ ಬಡೀತು ಅಂತ. ಬಂದರಲ್ಲಿ ಹೊರಡೋವಾಗ ದಡದವರನ್ನ ಕೇಳಿ ತಾರೀಖು ತಿಳ್ಕೊಂಡು ಆಮೇಲೆ ಬೆರಳು ಮಡಚಿ ಎಣಿಸ್ಕೊಂಡೇ ಬಂದಿದಾಳೆ, ಅವಳ ಲೆಕ್ಕದಲ್ಲಿ ಇವತ್ತು 4, ನಾಳೆ ತನಕ ಟೈಮಿದೆ ಅಂತ ಕಂಬದ ಬುಡದಲ್ಲಿ ಕೂತು ಪ್ಲಾನ್ ಮಾಡ್ತಿದಾಳೆ. ಹನ್ನೆರಡರ ಗಂಟೆ ಹೊಡೆಯತ್ತೆ, ಅಧಿಕಾರಿ ಸೂರ್ಯನ ಎತ್ತರ ನೋಡಿ ಪುಸ್ತಕದಲ್ಲಿ ಹೊಸ ಪುಟ ತಿರುಗಿಸಿ 5 ಅಂತ ಬರೀತಾನೆ. ಅವಳಿಗೆ ಉಳಿದಿರೋದು ಮೂರು ಗಂಟೆ.